ಮೊದಲು ನೀರು, ಆಮೇಲೆ ಮಾತು

ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಯಾವ ಶಾಲೆಯಲ್ಲಾದರೂ ಒಬ್ಬ ಮಾಸ್ತರ ಇನ್ನೊಬ್ಬನಿಗೆ ಹೇಳಲೇಬೇಕಾದ ಮಾತು ಗಂಟಲಲ್ಲಿ ಮುಳ್ಳಾಗಿ ಕೂತರೆ, ಗೈಬುಸಾಬ ಮಾಸ್ತರರಿಗೆ ಹೇಳಿಕಳಿಸುತ್ತಿದ್ದರು. ಅವರೇನು ಸಾಹೇಬರಲ್ಲ, ಅಧಿಕಾರಿಯಲ್ಲ. ನಾಲತವಾಡದವರು, ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಮೀಸೆ ಮೂಡುವ ಹೊತ್ತಿಗೆ ಮಾಸ್ತರಿಕೆಗೆ ಸೇರಿದವರು. ನಾನು ಹೇಳುತ್ತಿರುವ ಕಾಲಕ್ಕೆ, ಅಂದರೆ ಅರವತ್ತೊಂದು-ಅರವತ್ತೆರಡನೆಯ ಇಸವಿಯಲ್ಲಿ, ಹೂವಿನ ಹಿಪ್ಪರಗಿಯಿಂದ ಎರಡು ಹರದಾರಿ ಆಚೆಯ ಒಂದು ಸಣ್ಣ ಊರಲ್ಲಿ ಮೂವರು ಮಾಸ್ತರರ ಶಾಲೆಗೆ ಹೆಡ್ ಮಾಸ್ತರ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಈಗಲೂ ಮುಖ ತಿರುವುತ್ತಾರೆ.

ಒಂದು ಶಾಲೆಯಲ್ಲಿ ಒಬ್ಬ ಮಾಸ್ತರ ಪಾಠದ ನಡುವೆಯೇ ಗೊರಕೆ ಹೊಡೆಯುತ್ತಿದ್ದ. ಹೆಡ್ ಮಾಸ್ತರನಿಗೆ ಬೈಯಲು ಧೈರ್ಯವಿಲ್ಲ, ಬಿಡಲು ಮನಸ್ಸಿಲ್ಲ. ಗೈಬುಸಾಬರು ಹೋಗಿ ಆ ಮಾಸ್ತರನ ಜೊತೆ ಅರ್ಧ ತಾಸು ಕೂತು ಬಂದರು. ಅವನ ಹೆಂಡತಿ ಕಾಯಿಲೆ ಬಿದ್ದು ಆರು ವಾರ, ರಾತ್ರಿಯೆಲ್ಲ ಅವನೇ ಎದ್ದಿರುತ್ತಾನೆ ಎಂಬುದು ಹೊರಬಿತ್ತು. ಅದೇ ಊರಲ್ಲಿ ಆರು ವಾರದಿಂದ ಇದ್ದವರು ಯಾರೂ ಕೇಳಿರಲಿಲ್ಲ. ಇನ್ನೊಬ್ಬ ಮಾಸ್ತರ ಹುಡುಗರನ್ನು ತನ್ನ ಹೊಲದ ಕಳೆ ತೆಗೆಯಲು ಅಟ್ಟುತ್ತಿದ್ದ. ಗೈಬುಸಾಬರು ಹೋಗಿ ಬಂದ ಮಾರನೆಯ ದಿನ ಅವನು ತಾನೇ ಕುರಪಿ ಹಿಡಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಗೈಬುಸಾಬರಿಗೆ ಹಾವು ಸಾಯುವುದೂ ಬೇಕಿರಲಿಲ್ಲ.

ಇದಕ್ಕೆ ಅವರದೊಂದು ಪದ್ಧತಿ ಇತ್ತು. ಮಾತಾಡುವ ಮೊದಲು ಖಾಲಿ ಕೋಣೆಯಲ್ಲಿ ಕೂತು, ಒಂದು ಹಳೆಯ ಪಾಟಿಯ ಮೇಲೆ ಬಳಪದಿಂದ ಮೂರೇ ಸಾಲು ಬರೆಯುತ್ತಿದ್ದರು. ತಾನು ಕಣ್ಣಾರೆ ಕಂಡದ್ದು ಮೊದಲ ಸಾಲು. ಅದರಿಂದ ಯಾರಿಗೆ ಏನು ತೊಂದರೆ ಎಂಬುದು ಎರಡನೆಯದು. ಏನಾಗಬೇಕು ಎಂಬುದು ಕೊನೆಯದು. ಪಾಟಿಯಲ್ಲಿ ಹಿಡಿಸದ ಮಾತು ಬಾಯಲ್ಲೂ ಬರಬಾರದು. ಬರೆದ ಮೇಲೆ ಎದ್ದು, ಎದುರಿನ ಖಾಲಿ ಕುರ್ಚಿಯಲ್ಲಿ ಕೂತು, ಆ ಮೂರು ಸಾಲನ್ನು ಆ ಇನ್ನೊಬ್ಬ ಮಾಸ್ತರನ ಕಿವಿಯಿಂದ ಕೇಳಿಸಿಕೊಳ್ಳುತ್ತಿದ್ದರು. ಎಲ್ಲಿ ಚುಚ್ಚಿತೋ ಅಲ್ಲಿ ಒಂದು ಶಬ್ದ ಅಳಿಸುತ್ತಿದ್ದರು. ಕೊನೆಗೆ ಒದ್ದೆ ಬಟ್ಟೆಯಿಂದ ಇಡೀ ಪಾಟಿ ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿ, ಆಮೇಲೆ ಆ ಮಾಸ್ತರನನ್ನು ಕರೆಸುತ್ತಿದ್ದರು. ಹಸಿದವನಿಗೆ ಹೇಳುತ್ತಿರಲಿಲ್ಲ, ಹುಡುಗರ ಎದುರು ಹೇಳುತ್ತಿರಲಿಲ್ಲ. ಎಲ್ಲಕ್ಕಿಂತ ಮೊದಲು ಒಂದು ತಂಬಿಗೆ ತಣ್ಣನೆಯ ನೀರು ಮುಂದಿಡಬೇಕು. "ಮೊದಲ ನೀರು, ಆಮ್ಯಾಲ ಮಾತು" ಎನ್ನುವುದು ಅವರ ಬಾಯಿಪಾಠ. ಗುಟುಕು ನೀರು ಇಳಿದರೆ ಅರ್ಧ ಸಿಟ್ಟು ಇಳಿದಂತೆ ಎಂದು ನಂಬಿದ್ದರು. ಆ ನಂಬಿಕೆಯ ಮೇಲೆ ಇಪ್ಪತ್ತೈದು ವರ್ಷ ಹೆಸರು ಕಟ್ಟಿಕೊಂಡಿದ್ದರು.

ಚೈತ್ರದ ಬಿಸಿಲು ಕಾದು ಬೆಳಗಿನ ಶಾಲೆ ಶುರುವಾದ ವಾರ, ಒಂದನೆಯ ಇಯತ್ತೆಯ ಮಾಸ್ತರ ಇಸಾಕ ಅವರ ಬಳಿ ಬಂದು ನಿಂತ. ಎಳೆಯ ಮಾಸ್ತರ, ಇನ್ನೂ ವರ್ಷ ತುಂಬಿರಲಿಲ್ಲ.

"ಹೆಡ್ ಮಾಸ್ತರ್ರ, ಒಂದು ಮಾತ ಹೇಳಬೇಕಿತ್ರಿ. ರಾಚಪ್ಪ ಮಾಸ್ತರ ಇನ್ನೂ ಆ ಹೆಸರು ಕರೀತಾರ್ರಿ."

"ಯಾವ ಹೆಸರೋ?"

"ಬಿಬಿಜಾನಂದು."

ಗೈಬುಸಾಬರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಬಿಬಿಜಾನ ರಾಚಪ್ಪ ಮಾಸ್ತರರ ಎರಡನೆಯ ಇಯತ್ತೆಯ ಹುಡುಗಿ, ಕೌದಿ ಹೊಲಿದು ಹೊಟ್ಟೆ ಹೊರೆಯುವ ಜೈತುನಬಿಯ ಒಬ್ಬಳೇ ಮಗಳು. ಹೋದ ಶ್ರಾವಣದಲ್ಲಿ ಊರ ಮೆಟ್ಟಿಲಬಾವಿಯಲ್ಲಿ ಕಾಲು ಜಾರಿ ಸತ್ತುಹೋಗಿದ್ದಳು. ಎಂಟು ತಿಂಗಳಾಗಿತ್ತು.

"ಕರದು, ಹಾಜರಿ ಹಾಕ್ತಾರ್ರಿ. ದಿನಾ. ಹುಡುಗೂರು ಹೆದರ್ಯಾವ. ಯಾರೋ ಓ ಅಂತಾರ ಅಂತ ಹೇಳತಾವ," ಎಂದು ಇಸಾಕ ಅಡ್ಡಡ್ಡ ನೋಡಿದ.

ಮರುದಿನ ಮುಂಜಾನೆ ಏಳರ ಗಂಟೆಯಾದ ಮೇಲೆ ಗೈಬುಸಾಬರು ರಾಚಪ್ಪ ಮಾಸ್ತರರ ಕೋಣೆಯ ಹೊರಗೆ, ಪಡಸಾಲೆಯಲ್ಲಿ, ನೀರಿನ ಹರವಿಯ ಪಕ್ಕ ಗೋಡೆಗೆ ಒರಗಿ ನಿಂತರು. ಕದ್ದು ಕೇಳುವುದು ಅವರ ಜಾಯಮಾನವಲ್ಲ. ಆದರೆ ಮೊದಲ ಸಾಲಿಗೆ ಕಣ್ಣಾರೆ ಕಂಡದ್ದೇ ಬೇಕಲ್ಲ. ಒಳಗಿನಿಂದ ರಾಚಪ್ಪನವರ ಗೊಗ್ಗರು ದನಿ ಒಂದೊಂದೇ ಹೆಸರು ಕರೆಯುತ್ತಿತ್ತು. ಒಂದೊಂದು ಎಳೆಯ ಗಂಟಲು "ಹಾಜರ ರೀ" ಅನ್ನುತ್ತಿತ್ತು. ಹದಿಮೂರು ಹೆಸರಾಯಿತು.

"ಬಿಬಿಜಾನ."

ಕೋಣೆಯ ಗಲಿಬಿಲಿಯೆಲ್ಲ ಒಮ್ಮೆಲೇ ನಿಂತಿತು. ಗೈಬುಸಾಬರು ಕಿಟಕಿಯ ಅಂಚಿನಿಂದ ಇಣುಕಿದರು. ಗೋಣಿತಟ್ಟಿನ ಮೇಲೆ ಸಾಲಾಗಿ ಕೂತ ಹುಡುಗರೆಲ್ಲ ಆಚೆಯ ಗೋಡೆಯ ಕಡೆ ಮುಖ ಮಾಡಿದ್ದರು. ಅಲ್ಲಿ ಒಬ್ಬ ಹುಡುಗಿ ಕೂರುವಷ್ಟು ಜಾಗ ಖಾಲಿ ಇತ್ತು. ಅದರ ಎರಡೂ ಬದಿಯ ಮಕ್ಕಳು ಮೈ ಮುದುಡಿಕೊಂಡು ಆ ಜಾಗ ಬಿಟ್ಟು ಕೂತಿದ್ದರು. ರಾಚಪ್ಪನವರು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು.

"ಹ್ಞೂಂ, ಕೂಡವಾ," ಎಂದು ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದರು. ಹದಿನೈದನೆಯ ಹೆಸರಿಗೆ ಹೋದರು.

ಗೈಬುಸಾಬರ ಕಿವಿಗೆ ಯಾವ ದನಿಯೂ ಬೀಳಲಿಲ್ಲ. ಆದರೆ ಬೆನ್ನ ಹಿಂದೆ ಹರವಿಯ ಮುಚ್ಚಳ ಠಣ್ ಎಂದಿತು. ತಿರುಗಿದರು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಮುಚ್ಚಳ ಒಂದಿಷ್ಟು ಓರೆಯಾಗಿತ್ತು. ಕಂಠಮಟ ತುಂಬಿದ ಹರವಿಯ ನೀರು, ಯಾರೋ ಈಗಷ್ಟೇ ಸುರಿದ ಹಾಗೆ ತುಳುಕುತ್ತಿತ್ತು.

ಗೈಬುಸಾಬರು ಹೆದರಿದೆ ಎಂದು ಒಪ್ಪಿಕೊಳ್ಳುವ ಆಳಲ್ಲ, ಆದರೆ ಹೆದರಿದರು. ಯಾಕೆಂದರೆ ಶ್ರಾವಣದ ಆ ದಿನದಿಂದ ಈ ಶಾಲೆಯಲ್ಲಿ ಹುಡುಗರನ್ನು ನೀರಿಗೆ ಕಳಿಸುವುದು ನಿಂತಿತ್ತು. ಹರವಿ ಮಾತ್ರ ದಿನಾ ತುಂಬಿರುತ್ತಿತ್ತು. ರಾಚಪ್ಪ ಮಾಸ್ತರರೇ ನಸುಕಿನಲ್ಲಿ ತಂದು ಸುರಿಯುತ್ತಾರೆ ಎಂದು ಗೈಬುಸಾಬರು ಅಂದುಕೊಂಡಿದ್ದರು. ಕೇಳಿರಲಿಲ್ಲ. ಊರೂರಿಗೆ ಹೋಗಿ ಕೇಳುವವರು ಪಕ್ಕದ ಕೋಣೆಯವರನ್ನು ಕೇಳಿರಲಿಲ್ಲ.

ಕೋಣೆಗೆ ಬಂದು ಹಿಂದಿನ ತಿಂಗಳುಗಳ ಹಾಜರಿ ತೆಗೆದು ನೋಡಿದರು. ಹದಿನಾಲ್ಕನೆಯ ಹೆಸರಿನ ಮುಂದೆ ಒಂದು ದಿನವೂ ತಪ್ಪದೆ ಹಾಜರ. ಪ್ರತಿ ತಿಂಗಳ ಕೆಳಗೆ ಹೆಡ್ ಮಾಸ್ತರರ ಸಹಿ, ಅವರದೇ ಸಹಿ. ನೋಡದೆ ಹಾಕಿದ್ದೋ, ನೋಡಿಯೂ ಹಾಕಿದ್ದೋ ಅವರಿಗೇ ತಿಳಿಯಲಿಲ್ಲ. ಇನ್ನು ಹದಿನೈದು ದಿನಕ್ಕೆ ಇನ್‌ಸ್ಪೆಕ್ಟರ ಸಾಹೇಬರ ತಪಾಸಣೆ ಇತ್ತು. ಸತ್ತ ಹುಡುಗಿಗೆ ಹಾಜರಿ ಎಂದು ಕಂಡರೆ ರಾಚಪ್ಪ ಮಾಸ್ತರರನ್ನು ಮನೆಗೆ ಕಳಿಸುತ್ತಾರೆ. ಅವರಿಗೆ ನಿವೃತ್ತಿಗೆ ಇನ್ನೊಂದೇ ವರ್ಷ. ಮೂವತ್ತು ವರ್ಷದ ಸೇವೆಯ ಪಿಂಚಣಿ ನೀರಲ್ಲಿ ಹೋಮವಾಗುತ್ತದೆ. ಹೇಳಲೇಬೇಕು.

ಹೇಳಲೇಬೇಕು ಅಂದುಕೊಂಡು ನಾಲ್ಕು ದಿನ ದೂಡಿದರು. ರೊಟ್ಟಿ ಸೇರಲಿಲ್ಲ. ಹೆಂಡತಿ ಜನ್ನತಬಿ ಸುಮ್ಮನಿರುವವಳಲ್ಲ.

"ಏನ್ರೀ, ಊರ ಮಂದಿಗೆಲ್ಲ ಬುದ್ಧಿ ಹೇಳಾಕ ಹೋಗವ್ರು, ಎರಡು ಹೆಜ್ಜಿ ನಡದು ರಾಚಪ್ಪಣ್ಣಗ ಹೇಳಾಕ ಆಗಂಗಿಲ್ಲೇನು?"

"ಅದು ಹಂಗಲ್ಲ."

"ಮತ್ತ ಹೆಂಗ?"

ಹೇಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಅಥವಾ, ಬೇಡದ ಒಂದು ವಸ್ತುವನ್ನು ಎಲ್ಲಿಟ್ಟಿದ್ದೇವೆ ಎಂಬುದು ಎಷ್ಟು ಗೊತ್ತಿರುತ್ತದೋ ಅಷ್ಟು ಗೊತ್ತಿತ್ತು.

ಐದನೆಯ ದಿನ, ಹನ್ನೊಂದಕ್ಕೆ ಶಾಲೆ ಬಿಟ್ಟ ಮೇಲೆ, ಗೈಬುಸಾಬರು ಪಾಟಿ ತೆಗೆದುಕೊಂಡು ಕೂತರು. ಮಟಮಟ ಮಧ್ಯಾಹ್ನ. ನಮ್ಮ ಕಡೆ ರಾತ್ರಿಗಿಂತ ಆ ಹೊತ್ತಿಗೇ ಜನ ಹೆಚ್ಚು ಅಂಜುತ್ತಾರೆ. ಎರೆಭೂಮಿ ಬಾಯಿ ಬಿಟ್ಟು ಮಲಗಿರುತ್ತದೆ, ನಾಯಿ ಕೂಡ ಬೊಗಳುವುದಿಲ್ಲ, ತನ್ನ ನೆರಳು ತನ್ನ ಕಾಲ ಕೆಳಗೇ ಅಡಗಿರುತ್ತದೆ. ಆ ಹೊತ್ತಲ್ಲಿ ಮೂರು ಸಾಲು ಬರೆದರು:

ಸತ್ತ ಹುಡುಗಿಯ ಹೆಸರಿಗೆ ದಿನಾ ಹಾಜರಿ ಬೀಳುತ್ತಿದೆ, ಕಣ್ಣಾರೆ ಕಂಡೆ.

ಮಕ್ಕಳು ಹೆದರಿದ್ದಾರೆ, ಸಾಹೇಬರು ಕಂಡರೆ ನಿಮ್ಮ ಪಿಂಚಣಿ ಹೋಗುತ್ತದೆ.

ಆ ಹೆಸರು ಹೊಡೆದುಹಾಕಿರಿ.

ಎದ್ದು ಎದುರಿನ ಕುರ್ಚಿಯಲ್ಲಿ ಕೂತರು. ಆ ಬಿಸಿಲಲ್ಲಿ ಕುರ್ಚಿಯ ಹಲಗೆ ತಣ್ಣಗಿತ್ತು. ಓದಿಕೊಂಡರು. ಎಲ್ಲಿಯೂ ಚುಚ್ಚಲಿಲ್ಲ, ತಪ್ಪಿರಲಿಲ್ಲ. ಆದರೂ ಮೊದಲು ಬರೆಯಬೇಕಾದ ಒಂದು ಸಾಲು ಬಿಟ್ಟುಹೋಗಿದೆ ಅನ್ನಿಸಿತು. ಯಾವುದು ಎಂದು ಯೋಚಿಸಲು ಹೋಗದೆ, ಒದ್ದೆ ಬಟ್ಟೆಯಿಂದ ಪಾಟಿ ಒರೆಸಿ, ಮೊಳೆಗೆ ಹಾಕಿ, ಊಟಕ್ಕೆ ಮನೆಗೆ ನಡೆದರು.

ನಾಲ್ಕರ ಸುಮಾರಿಗೆ ಮರಳಿ ಬಂದಾಗ ಪಾಟಿ ಒಣಗಿತ್ತು. ಒದ್ದೆ ಪಾಟಿಯಲ್ಲಿ ಮಾಯವಾದ ಅಕ್ಷರ ಒಣಗಿದಾಗ ಮಸುಕು ಮಸುಕಾಗಿ ಮತ್ತೆ ಏಳುತ್ತದೆ, ಇದು ಒಂದನೆಯದಕ್ಕೂ ಕೆಳಗಿನ ಬಿನ್ನೆತ್ತಿಯ ಮಕ್ಕಳಿಗೂ ಗೊತ್ತು. ಅವರ ಮೂರು ಸಾಲು ಹಾಗೆಯೇ ಎದ್ದಿತ್ತು. ಅದರ ಕೆಳಗೆ ನಾಲ್ಕನೆಯದೊಂದು ಸಾಲು. ಮಸುಕಾಗಿರಲಿಲ್ಲ, ಈಗ ಬರೆದ ಹಾಗೆ ಬೆಳ್ಳಗಿತ್ತು. ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಬರೆದ ದೊಡ್ಡ ದೊಡ್ಡ ಸೊಟ್ಟ ಅಕ್ಷರ:

ನೀರ ತಂದೇನ್ರಿ.

ಗೈಬುಸಾಬರು ಪಾಟಿಯನ್ನು ಬೋರಲು ಹಾಕಿ ಮೇಜಿಗೆ ಒತ್ತಿ ಹಿಡಿದರು. ಆಮೇಲೆ ಸಿಟ್ಟು ಬಂತು. ರಾಚಪ್ಪನೇ ಬರೆದದ್ದು, ಮುದುಕನಿಗೆ ಅರಳುಮರುಳು, ನನ್ನನ್ನೇ ಹೆದರಿಸಲು ನೋಡುತ್ತಾನೆ ಎಂದುಕೊಂಡರು. ಮಾರನೆಯ ದಿನ ರಾಚಪ್ಪನವರು ಕಣ್ಣಿಗೆ ಔಷಧಿ ತರಲು ರಜೆ ಹಾಕಿ ಸಿಂದಗಿಗೆ ಹೋಗಿದ್ದರು. ಶಾಲೆ ಬಿಟ್ಟ ಮೇಲೆ ಗೈಬುಸಾಬರು ಇದ್ದಿಲು ಹಾಕಿ ಪಾಟಿಯನ್ನು ತಿಕ್ಕಿ ತಿಕ್ಕಿ ತೊಳೆದರು. ಏನೂ ಬರೆಯದೆ ತೂಗುಹಾಕಿದರು. ಹರವಿಯನ್ನು ಬೋರಲು ಮಾಡಿ ಕೊನೆಯ ಹನಿ ಚೆಲ್ಲಿ ನೆಟ್ಟಗೆ ನಿಲ್ಲಿಸಿದರು. ಕೋಣೆಗೆ ತಾವೇ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ನಾಲ್ಕಕ್ಕೆ ಬಂದು ಬೀಗ ತೆಗೆದಾಗ ಪಾಟಿಯ ಮೇಲೆ ಅದೇ ಸೊಟ್ಟ ಅಕ್ಷರದ ಒಂದೇ ಒಂದು ಸಾಲು ಇತ್ತು.

ಹೊರಗೆ ಬಂದು ಹರವಿಯ ಮುಚ್ಚಳ ತೆಗೆದರು. ತುಂಬಿತ್ತು.

ಪಡಸಾಲೆಯ ಮೆಟ್ಟಿಲ ಮೇಲೆ ಅಲ್ಲಿಯೇ ಕೂತರು. ಬಿಟ್ಟುಹೋದ ಸಾಲು ಯಾವುದೆಂದು ಆಗ ನೆನಪಾಯಿತು. ನೆನಪಾಯಿತು ಅನ್ನುವುದು ಸುಳ್ಳು. ಇನ್ನು ಮರೆತಂತೆ ಇರಲು ಆಗಲಿಲ್ಲ.

ಶ್ರಾವಣದ ಆ ದಿನ ಅವರು ಇಸಾಕನಿಗೆ ಒಂದು ಕಠಿಣ ಮಾತು ಹೇಳುವವರಿದ್ದರು. ಅವನು ಸಿಟ್ಟಲ್ಲಿ ಒಬ್ಬ ಹುಡುಗನಿಗೆ ಬೆತ್ತ ಮುರಿಯುವಂತೆ ಹೊಡೆದಿದ್ದ. ಪಾಟಿಯಲ್ಲಿ ಮೂರು ಸಾಲು ಬರೆದು, ಒರೆಸಿ, ಎಲ್ಲ ತಯಾರಿ ಆಗಿತ್ತು. ಹರವಿಯಲ್ಲಿ ಮಾತ್ರ ನೀರಿರಲಿಲ್ಲ. ಸಣ್ಣ ಸೂಟಿಯ ಹೊತ್ತು, ಹುಡುಗರೆಲ್ಲ ಹಿತ್ತಲಲ್ಲಿ ಆಡುತ್ತಿದ್ದರು. "ರಾಚಪ್ಪ ಮಾಸ್ತರ್ರ, ಒಂದ ತಂಬಿಗಿ ನೀರ ತರಸ್ರಿ," ಎಂದು ಗೈಬುಸಾಬರು ಕೂಗಿದರು. ಕೋಣೆಯಲ್ಲಿ ಒಬ್ಬಳೇ ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು. ಮುಂಜಾನೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಮಾಡಿದ್ದಕ್ಕೆ ತಾಯಿ ಬಾರಿಸಿದ್ದಳು. ರಾಚಪ್ಪನವರು ಶಾಲೆಯ ಹಿತ್ತಾಳೆ ತಂಬಿಗೆಯನ್ನು ಅವಳ ಕೈಗೆ ಕೊಟ್ಟರು. ಮಳೆಗೆ ಮೆಟ್ಟಿಲಲ್ಲಿ ಪಾಚಿ ಕಟ್ಟಿತ್ತು. ಇಸಾಕ ಮತ್ತು ಗೈಬುಸಾಬ ನೀರಿಗಾಗಿ ಕಾಯುತ್ತ ಎದುರುಬದುರು ಕೂತಿದ್ದರು.

ಬಾವಿಯ ದಂಡೆಯ ಮೇಲೆ ಜೈತುನಬಿ ಎದೆ ಬಡಿದುಕೊಳ್ಳುತ್ತ, "ಸಾಲಿಯಾಗಿದ್ದ ಕೂಸು ಇಲ್ಲಿಗೆ ಹೆಂಗ ಬಂತ್ರಿ?" ಎಂದು ಕೇಳಿದಾಗ ರಾಚಪ್ಪನವರು ಬಾಯಿ ತೆರೆದಿದ್ದರು. ಅವರಿಗಿಂತ ಮೊದಲು ಮಾತಾಡಿದವರು ಗೈಬುಸಾಬರು.

"ಸಣ್ಣ ಸೂಟಿಯಾಗ ಹೇಳದ ಎದ್ದು ಹೋಗ್ಯಾಳವಾ."

ಬದುಕಿನಲ್ಲಿ ಪಾಟಿಯ ಮೇಲೆ ಬರೆಯದೆ ಆಡಿದ ಒಂದೇ ಕಠಿಣ ಮಾತು ಅದು. ಅದೂ ಸುಳ್ಳು. ತಂಬಿಗೆ ಸಿಗಲಿಲ್ಲ, ಯಾರೂ ಕೇಳಲಿಲ್ಲ. ಬಾವಿಯ ಆ ಮೆಟ್ಟಿಲ ಕಡೆ ಊರವರು ಹೋಗುವುದನ್ನೇ ಬಿಟ್ಟರು, ಆಚೆ ದಂಡೆಯಿಂದ ಹಗ್ಗ ಬಿಟ್ಟು ಸೇದಿದರು. ಜೈತುನಬಿ ಕೂಡ ಮಾತು ಬಿಟ್ಟಳು. ತಾನು ಹೊಡೆದದ್ದಕ್ಕೇ ಮಗಳು ಸಿಟ್ಟು ಮಾಡಿ ಹೋಗಿ ಬಾವಿಗೆ ಬಿದ್ದಳು ಎಂದು ಅವಳು ನಂಬಿದ್ದು ಊರಿಗೆಲ್ಲ ಗೊತ್ತಿತ್ತು. ಗೈಬುಸಾಬರಿಗೂ ಗೊತ್ತಿತ್ತು.

ಮಾರನೆಯ ದಿನ ಹನ್ನೊಂದರ ಮೇಲೆ ರಾಚಪ್ಪನವರನ್ನು ಕರೆದರು. ಅವರು ಬರುವಾಗಲೇ ಹರವಿಯಿಂದ ಒಂದು ಲೋಟ ನೀರು ತುಂಬಿಕೊಂಡು ಬಂದು ಗೈಬುಸಾಬರ ಮುಂದೆ ಇಟ್ಟರು. ಎದುರು ಕೂತರು. ಕಣ್ಣಿಗೆ ಹಾಕಿದ ಔಷಧಿ ಕೆನ್ನೆಗೆ ಇಳಿದಿತ್ತು.

"ಕುಡೀರಿ. ಮೊದಲ ನೀರು, ಆಮ್ಯಾಲ ಮಾತು. ನಿಮ್ಮ ಪದ್ಧತಿ ಅಲ್ಲೇನ್ರಿ?"

ಗೈಬುಸಾಬರು ಲೋಟ ಮುಟ್ಟಲಿಲ್ಲ. "ಈ ಹರವಿ ಯಾರು ತುಂಬಸ್ತಾರ, ರಾಚಪ್ಪ ಮಾಸ್ತರ್ರ?"

"ಯಾಕ್ರಿ, ನೀವ ತುಂಬಸ್ತೀರಿ ಅಂತ ನಾ ತಿಳಕೊಂಡಿದ್ದೆ."

ಇಬ್ಬರೂ ಆ ನೀರನ್ನೇ ನೋಡಿದರು.

"ಅಕಿ ಹೆಸರ ಹೊಡದ ಹಾಕ್ರಿ ಅಂತ ಹೇಳಾಕ ಕರದೀರಿ," ರಾಚಪ್ಪನವರೇ ಶುರುಮಾಡಿದರು. "ಎಂಟು ತಿಂಗಳಾತು, ಇವತ್ತ ಕರೀತಾರ ನಾಳೆ ಕರೀತಾರ ಅಂತ ಕಾಯಾಕತ್ತೇನಿ. ಮುದ್ದೇಬಿಹಾಳಕ್ಕ ಹೋದ್ರಿ, ಸಿಂದಗಿಗೆ ಹೋದ್ರಿ. ಈ ಬಾಗಲದಿಂದ ಆ ಬಾಗಲಕ್ಕ ಬರಲಿಲ್ಲ."

"ಹಾಜರಿ ಯಾಕ ಹಾಕ್ತೀರಿ?"

"ಮತ್ತೇನ ಹಾಕ್ಲಿ? ಆವತ್ತ ಮುಂಜಾನಿ ಅಕಿ ಬಂದಿದ್ಳು, ಹಾಜರಿ ಹಾಕಿದ್ದೆ. ನಾ ನೀರಿಗೆ ಕಳಿಸೀನಿ. ಮಾಸ್ತರ ಕಳಿಸಿದ ಕೂಸು ತಿರಗಿ ಬರೂತನ ಸಾಲಿಯಾಗ ಇದ್ದಂಗ. ಇನ್ನೂ ಮನಿಗೆ ಬಿಟ್ಟಿಲ್ಲ, ಗೈರುಹಾಜರಿ ಹೆಂಗ ಹಾಕ್ಲಿ ಹೇಳ್ರಿ? ಕರದಾಗ ಓ ಅಂತಾಳ್ರಿ. ನಿಮಗ ಕೇಳಸಂಗಿಲ್ಲ. ನನಗ ಕೇಳಸ್ತೈತಿ."

ಪಾಟಿಯ ಮೇಲಿನ ಅಕ್ಷರ ಗೈಬುಸಾಬರ ಕಣ್ಣ ಮುಂದೆ ಬಂತು. ನನಗೂ ಹೇಳಿದ್ದಾಳೆ ಅಂದುಕೊಂಡರು.

"ಹೆಸರ ಹೊಡೀತೇನಿ," ರಾಚಪ್ಪನವರು ಹಾಜರಿ ಪುಸ್ತಕ ತೆರೆದು ಮುಂದೆ ಸರಿಸಿದರು. "ಇಲ್ಲಿ ಕಾರಣ ಅಂತ ಒಂದ ಮನಿ ಐತಿ. ಅದರಾಗ ಏನ ಬರೀಲಿ, ನೀವ ಹೇಳ್ರಿ."

ಇಪ್ಪತ್ತೈದು ವರ್ಷದಲ್ಲಿ ಎಷ್ಟು ಜನರನ್ನು ಆ ಎದುರಿನ ಕುರ್ಚಿಯಲ್ಲಿ ಕೂರಿಸಿದ್ದರೋ. ಆ ಕುರ್ಚಿ ಎಷ್ಟು ಕಷ್ಟದ್ದು ಎಂದು ಗೈಬುಸಾಬರಿಗೆ ಅಂದು ತಿಳಿಯಿತು. ಎದ್ದರು, ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡರು. ಪಾಟಿಯ ಕಡೆ ನೋಡಲಿಲ್ಲ.

ಜೈತುನಬಿಯ ಮನೆ ಊರ ಕೊನೆಯಲ್ಲಿತ್ತು. ಬಾಗಿಲಲ್ಲಿ ಕಾಲು ಚಾಚಿ ಕೂತು ಕೌದಿಗೆ ಟಾಕು ಹಾಕುತ್ತಿದ್ದಳು. ಇಬ್ಬರು ಮಾಸ್ತರರನ್ನು ಕಂಡು ಸೆರಗು ಎಳೆದುಕೊಂಡು ಎದ್ದು, ಬಿಸಿಲಲ್ಲಿ ಬಂದವರಿಗೆ ಎಲ್ಲರೂ ಮಾಡುವುದನ್ನು ಅವಳೂ ಮಾಡಿದಳು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.

"ನೀರ ಕುಡೀರಿ ಮಾಸ್ತರ್ರ."

"ಒಲ್ಲೆ ತಂಗೀ. ಮೊದಲ ನನ್ನ ಮಾತ ಕೇಳು. ಆಮ್ಯಾಲ ನೀರ ಕೊಡೂದೋ ಬ್ಯಾಡೋ ನೀನ ನೋಡು." ನಿಂತೇ ಹೇಳಿದರು. "ಬಿಬಿಜಾನ ಹೇಳದ ಎದ್ದು ಹೋಗಿದ್ದಿಲ್ಲ. ಸುಳ್ಳ ಹೇಳೇನಿ. ನಾ ನೀರ ಬೇಡಿದೆ. ರಾಚಪ್ಪ ಮಾಸ್ತರ ತಂಬಿಗಿ ಕೊಟ್ಟು ಕಳಿಸಿದ್ರು. ನನ್ನ ನೀರಿಗೆ ಹೋಗಿ ಸತ್ತಾಳ."

ಸೂಜಿ ಅವಳ ಕೈಯಲ್ಲೇ ಇತ್ತು. ಅದನ್ನು ಕೌದಿಗೆ ಚುಚ್ಚಿಟ್ಟಳು, ಕಳೆದುಹೋಗದ ಹಾಗೆ. ಆಮೇಲೆ ಕೇಳಿದಳು.

"ಸಿಟ್ಟಿಲೆ ಹೋಗಿದ್ದಿಲ್ಲೇನ್ರಿ?"

"ಇಲ್ಲವಾ," ಎಂದರು ರಾಚಪ್ಪನವರು. "ತಂಬಿಗಿ ಕೊಟ್ಟಾಗ ನಕ್ಕಳು. ಕುಣಕೋತ ಹೋದ್ಳು."

"ನನ್ನ ಮ್ಯಾಲ ಸಿಟ್ಟಿದ್ದಿಲ್ಲ," ಎಂದು ಅವಳು ತನಗೇ ಹೇಳಿಕೊಂಡಳು. ಎಂಟು ತಿಂಗಳು ಆ ಹೆಂಗಸು ಹೊತ್ತದ್ದರ ಭಾರ ಎಷ್ಟು ಎಂಬುದು ಗೈಬುಸಾಬರಿಗೆ ಆ ಒಂದು ಮಾತಲ್ಲಿ ತಿಳಿಯಿತು. ಬೈದಿದ್ದರೆ, ಹಿಡಿ ಮಣ್ಣು ತೂರಿದ್ದರೆ ಎಷ್ಟೋ ಚಲೋ ಇತ್ತು. ಅವಳು ಅವರ ಬಗಲಲ್ಲಿದ್ದ ಪುಸ್ತಕಕ್ಕೆ ಕೈ ಚಾಚಿದಳು. ಗೈಬುಸಾಬರು ಹಾಜರಿ ಪುಸ್ತಕ ತೆರೆದು ಅವಳ ಮುಂದೆ ಹಿಡಿದು, ಹದಿನಾಲ್ಕನೆಯ ಸಾಲು ತೋರಿಸಿದರು. ಅವಳಿಗೆ ಓದು ಬರುತ್ತಿರಲಿಲ್ಲ. ಗುರುತುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಸವರಿದಳು.

"ಇವೆಲ್ಲಾ ಅಕಿ ಏನ್ರಿ?"

"ಹೂಂ."

"ದಿನಾ ಬಂದಾಳ?"

"ದಿನಾ ಬಂದಾಳವಾ," ಎಂದು ರಾಚಪ್ಪನವರು ಧೋತರದ ತುದಿಯಿಂದ ಕಣ್ಣೊರೆಸಿಕೊಂಡರು.

ಜೈತುನಬಿ ಪುಸ್ತಕ ಮುಚ್ಚಿ ಕೊಟ್ಟಳು. ಮುಂದಿಟ್ಟಿದ್ದ ತಂಬಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದಲೇ, "ಇವತ್ತ ನೀವು ಹೋಗ್ರಿ. ನಾಳೆ ನಾ ಸಾಲಿಗೆ ಬರ್ತೇನಿ," ಎಂದಳು.

ಬಂದಳು. ಏಳರ ಗಂಟೆಗೆ ಮೊದಲೇ ಎರಡನೆಯ ಇಯತ್ತೆಯ ಬಾಗಿಲಲ್ಲಿ, ಹೊಸ್ತಿಲಾಚೆ, ತೊಳೆದ ಸೀರೆ ಉಟ್ಟು ನಿಂತಿದ್ದಳು. ಪಡಸಾಲೆಯಲ್ಲಿ ಗೈಬುಸಾಬರು, ಅವರ ಹಿಂದೆ ಇಸಾಕ. ರಾಚಪ್ಪನವರು ಹೆಸರು ಕರೆಯತೊಡಗಿದರು. ಹದಿಮೂರು ಆಯಿತು.

"ಬಿಬಿಜಾನ."

ಮಕ್ಕಳು ಗೋಡೆಯ ಕಡೆ ತಿರುಗಿದರು. ಜೈತುನಬಿಯೂ ಅತ್ತಲೇ ನೋಡಿದಳು. ಅವಳಿಗೆ ಏನು ಕಂಡಿತೋ, ಮುಖ ಮೆತ್ತಗಾಯಿತು.

"ಮಾಸ್ತರ್ರ, ಮನಿಗೆ ಕರಕೊಂಡ ಹೋಗ್ತೇನ್ರಿ," ಎಂದಳು. ಆಮೇಲೆ ಖಾಲಿ ಜಾಗಕ್ಕೆ ಕೈ ಚಾಚಿ, "ಬಾರ ನನ್ನವ್ವ. ಸಾಲಿ ಬಿಟ್ಟೈತಿ," ಎಂದಳು.

ರಾಚಪ್ಪನವರು ಕುರ್ಚಿಯಿಂದ ಎದ್ದು ನಿಂತರು. "ಹೋಗಿ ಬಾರವಾ," ಅಂದರು. ತಾಯಿ ಬೆರಳು ಮಡಚಿ, ಏನನ್ನೋ ಹಿಡಿದ ಕೈಯನ್ನು ಪಕ್ಕಕ್ಕೆ ತುಸು ತಗ್ಗಿಸಿಕೊಂಡು, ಸಣ್ಣ ಕಾಲುಗಳ ಜೊತೆ ನಡೆಯುವವರ ಹಾಗೆ ನಿಧಾನವಾಗಿ ಅಂಗಳ ದಾಟಿ ಹೋದಳು. ಆ ಕಡೆ ಈ ಕಡೆಯ ಮಕ್ಕಳು, ಯಾರೂ ಹೇಳದೆಯೇ, ಸರಿದು ಕೂತು ಜಾಗ ತುಂಬಿದರು. ರಾಚಪ್ಪನವರು ಕಾರಣದ ಮನೆಯಲ್ಲಿ ನಡೆದದ್ದನ್ನು ಬರೆದರು. ಗೈಬುಸಾಬರು ಅದರ ಕೆಳಗೆ, ನೀರು ಬೇಡಿದವನು ನಾನು ಎಂದು ಬರೆದು ಸಹಿ ಹಾಕಿದರು.

ಮುಂದೆ ಆಗಬೇಕಾದದ್ದೆಲ್ಲ ಆಯಿತು. ಸಾಹೇಬರು ಬಂದರು, ಓದಿದರು, ಕೂಗಾಡಿದರು. ರಾಚಪ್ಪನವರಿಗೆ ಛೀಮಾರಿ ಬಿತ್ತು, ಪಿಂಚಣಿ ಉಳಿಯಿತು. ಕಿತ್ತುಕೊಳ್ಳಲು ಗೈಬುಸಾಬರ ಬಳಿ ದೊಡ್ಡದೇನೂ ಇರಲಿಲ್ಲ, ಇದ್ದ ಹೆಡ್ ಮಾಸ್ತರಿಕೆ ಕಿತ್ತುಕೊಂಡು ಇಂಡಿ ತಾಲೂಕಿನ ಕಡೆ ವರ್ಗ ಮಾಡಿದರು. ಊರ ಹಿರಿಯರು ಪಂಚಾಯಿತಿ ಕೂಡಿಸಲು ಹೊರಟಾಗ ಜೈತುನಬಿ, "ನನ್ನ ಕೂಸಿನ ಮಾತು, ನಾ ಮುಗಿಸೀನಿ," ಎಂದು ಬಾಗಿಲು ಹಾಕಿಕೊಂಡಳು. ಇಂಡಿಯ ಕಡೆ ಗೈಬುಸಾಬರು ಇನ್ನೂ ಏಳು ವರ್ಷ ನೌಕರಿ ಮಾಡಿದರು, ಎಂದೂ ಒಂದು ಮಗುವನ್ನು ನೀರಿಗೆ ಕಳಿಸಲಿಲ್ಲ. ಕೊಡ ಹೊತ್ತು ನಡೆಯುವ ಮಾಸ್ತರನನ್ನು ನೋಡಿ ಜನ ನಗುತ್ತಿದ್ದರು. ಕಠಿಣ ಮಾತಿಗಾಗಿ ಯಾರಾದರೂ ಕರೆಯಲು ಬಂದರೆ, "ಮೊದಲ ನಿಂದ ಏನೈತಿ ಅದನ್ನ ಹೇಳು, ಆಮ್ಯಾಲ ಅವಂದು," ಎಂದು ಮರಳಿ ಕಳಿಸುತ್ತಿದ್ದರು.

ಅದೆಲ್ಲ ಆಮೇಲಿನ ಮಾತು. ಆ ಮುಂಜಾನೆ, ಸಹಿ ಹಾಕಿ ಹೊರಗೆ ಬಂದು, ಗೈಬುಸಾಬರು ಹರವಿಯ ಮುಚ್ಚಳ ತೆಗೆದರು. ತಳ ಒಣಗಿ ಬಿಳುಚಿಕೊಂಡಿತ್ತು. ಎಂಟು ತಿಂಗಳೂ ತುಂಬಿಯೇ ಇದ್ದ ಹರವಿಗೆ ಹೆದರಿದ ಮನುಷ್ಯ, ಖಾಲಿ ಹರವಿಯ ಮುಂದೆ ನಿಂತು ಮಕ್ಕಳ ಎದುರೇ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ಇಸಾಕನ ಕೋಣೆಯ ಕೊಡ ತೆಗೆದುಕೊಂಡು ಬಾವಿಗೆ ನಡೆದರು.

ಯಾರೂ ಇಳಿಯದ ಬದಿಯ ಮೆಟ್ಟಿಲು ಇಳಿದರು. ಬೇಸಿಗೆಗೆ ನೀರು ಬಹಳ ಕೆಳಗೆ ಹೋಗಿತ್ತು, ಶ್ರಾವಣದಲ್ಲಿ ಮುಳುಗಿದ್ದ ಹತ್ತು-ಹನ್ನೆರಡು ಮೆಟ್ಟಿಲು ಮೇಲೆದ್ದು ಒಣಗಿದ್ದವು. ಕೊಟ್ಟಕೊನೆಯ ಮೆಟ್ಟಿಲ ಮೂಲೆಯಲ್ಲಿ ಶಾಲೆಯ ಹಿತ್ತಾಳೆ ತಂಬಿಗೆ ಇತ್ತು. ಕಪ್ಪುಗಟ್ಟಿತ್ತು. ಉರುಳಿ ಬಿದ್ದಿರಲಿಲ್ಲ, ನೆಟ್ಟಗೆ, ಯಾರೋ ಜೋಪಾನವಾಗಿ ಇಟ್ಟ ಹಾಗೆ ನಿಂತಿತ್ತು. ಕಂಠದ ತನಕ ನೀರು ತುಂಬಿತ್ತು.

ಗೈಬುಸಾಬರು ಮೆಟ್ಟಿಲ ಮೇಲೆ ಕೂತರು. ಎರಡೂ ಕೈಯಿಂದ ತಂಬಿಗೆ ಎತ್ತಿ, ಬಾಯಿಗೆ ಹಚ್ಚಿ, ಒಂದು ಹನಿಯೂ ಚೆಲ್ಲದಂತೆ ಪೂರ್ತಿ ಕುಡಿದರು.

"ಬಂತವಾ ನೀರು," ಎಂದು ಬಾವಿಗೆ ಹೇಳಿದರು. "ಇನ್ನ ಸಾಕು."